ಹುಲ್ಲು ಕಡೆದ ಹಲ್ಲು

ನಮ್ಮ ತಾರ್ಕಿಕರಿಗೆ ಮೊಲ ಎಂದರೆ ಮೊದಲು ನೆನಪಾಗುತ್ತಿದ್ದುದು ಅದಕ್ಕಿಲ್ಲದ ಕೊಂಬು. ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗಲೆಲ್ಲ ಬಂಜೆಯ ಮಗ, ಆಕಾಶದ ಹೂವು, ಮೊಲದ ಕೊಂಬು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಇಲ್ಲದ ಕೊಂಬಿನ ಮೇಲೆ ಇಷ್ಟೊಂದು ವಾದ ನಡೆದ ನಾಡಿನಲ್ಲಿ ಅದೇ ಪ್ರಾಣಿಯ ಬಾಯೊಳಗೆ ಇರುವುದನ್ನೂ ಒಮ್ಮೆ ನೋಡೋಣ ಎನಿಸಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿರುವುದು ಹಲ್ಲು. ಮೊಲ ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುವ, ಬೆಳೆದಷ್ಟನ್ನೂ ಸವೆಸಿಕೊಳ್ಳುತ್ತಲೇ ಇರುವ 28 ಹಲ್ಲುಗಳು. ನನ್ನ ಮಟ್ಟಿಗೆ ಇದು ಕೊಂಬಿಗಿಂತ ನಂಬಲು ಕಷ್ಟವಾದ ಸಂಗತಿ.

ಮುಂದೆ ಬಾಚಿಹಲ್ಲು, ಹಿಂದೆ ದವಡೆಹಲ್ಲು. ಕೋರೆಹಲ್ಲು ಇಲ್ಲವೇ ಇಲ್ಲ; ಆ ಜಾಗದಲ್ಲಿ ಉದ್ದಕ್ಕೆ ಖಾಲಿ ಒಸಡು. ಮೊಲ ಆಕಳಿಸಿದಾಗ ನಮಗೆ ಕಾಣುವುದು ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲು ಮಾತ್ರ. ಆದರೆ ಮೇಲಿನ ಜೋಡಿಯ ಬೆನ್ನಿಗೇ ಅಂಟಿಕೊಂಡು ಇನ್ನೆರಡು ಪುಟ್ಟ ಹಲ್ಲುಗಳು ಅಡಗಿ ನಿಂತಿರುತ್ತವೆ. ಮೊಲ ಬಾಯಿ ಮುಚ್ಚಿ ಸುಮ್ಮನೆ ಕೂತಾಗ ಕೆಳಗಿನ ಬಾಚಿಹಲ್ಲಿನ ತುದಿ ಬಂದು ಒರಗುವುದು ಈ ಎರಡು ಸಾಲುಗಳ ನಡುವಿನ ಸಂದಿಯಲ್ಲಿ. ಈ ಅಡಗಿದ ಜೋಡಿ ಸಣ್ಣದಾದರೂ ಮೊಲದ ಕುಲ ಯಾವುದೆಂದು ತೀರ್ಮಾನಿಸುವುದರಲ್ಲಿ ಅದರದು ದೊಡ್ಡ ಪಾತ್ರ. 18ನೇ ಶತಮಾನದಲ್ಲಿ ಜೀವಿಗಳನ್ನು ವರ್ಗೀಕರಿಸಿದ ಲಿನ್ನೇಯಸ್ ಇಲಿ, ಅಳಿಲು, ಮೊಲಗಳನ್ನೆಲ್ಲ ಒಂದೇ ಗಣಕ್ಕೆ ಸೇರಿಸಿದ್ದ. 1912ರಲ್ಲಿ ಅಮೆರಿಕದ ಜೇಮ್ಸ್ ಗಿಡ್ಲಿ ಮೊಲಗಳದೇ ಪ್ರತ್ಯೇಕ ಗಣ ಎಂದು ವಾದಿಸಿದ. ಇಂದಿಗೂ ಅದೇ ಒಪ್ಪಿತ. ಇಲಿಯಲ್ಲಿ ಈ ಹಿಂದಿನ ಜೋಡಿ ಇಲ್ಲ. ಇಲಿಗೆ ಬಾಚಿಹಲ್ಲು ಮಾತ್ರ ಬೆಳೆಯುತ್ತಿರುತ್ತದೆ, ಅದರ ದವಡೆಹಲ್ಲು ನಮ್ಮದರಂತೆ ಒಮ್ಮೆ ಬಂದು ನಿಂತುಬಿಡುತ್ತದೆ. ಕಬ್ಬಿಣದ ಅಂಶ ಸೇರಿ ಇಲಿಯ ಬಾಚಿಹಲ್ಲು ಹಳದಿಗೆ ತಿರುಗಿದ್ದರೆ ಮೊಲದ್ದು ಅಚ್ಚ ಬಿಳಿ. ಮೊಲದ ಬಾಯಲ್ಲಿ ಮುಂದಿನದು, ಹಿಂದಿನದು, ಅಡಗಿದ್ದು, ಕಾಣುವುದು ಎಂಬ ಭೇದವಿಲ್ಲದೆ ಪ್ರತಿಯೊಂದು ಹಲ್ಲೂ ಬೆಳೆಯುತ್ತದೆ.

ಎಷ್ಟು ವೇಗವಾಗಿ? ಅಳೆಯುವ ಉಪಾಯ ಸರಳ. ಒಸಡಿನ ಅಂಚಿನಲ್ಲಿ ಹಲ್ಲಿನ ಮೇಲೊಂದು ಸಣ್ಣ ಗೀರು ಹಾಕಬೇಕು. ದಿನ ಕಳೆದಂತೆ ಗೀರು ಒಸಡಿನಿಂದ ದೂರ ಸರಿದು ತುದಿಯತ್ತ ಹೋಗುತ್ತದೆ, ಸರಿದಷ್ಟೂ ಬೆಳವಣಿಗೆ. ಗೀರಿಗೂ ತುದಿಗೂ ನಡುವಿನ ಅಂತರ ಕುಗ್ಗುತ್ತದೆ, ಕುಗ್ಗಿದಷ್ಟೂ ಸವೆತ. ಕೊನೆಗೊಂದು ದಿನ ಗೀರೇ ಸವೆದು ಮಾಯವಾಗುತ್ತದೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆಲ್ಬರ್ಟ್ ಶ್ಯಾಡ್ಲ್ 1936ರಲ್ಲೇ ಸಾಕುಮೊಲದ ಬಾಚಿಹಲ್ಲುಗಳ ಬೆಳವಣಿಗೆ ಮತ್ತು ಸವೆತದ ಬಗ್ಗೆ ಪ್ರಬಂಧ ಪ್ರಕಟಿಸಿದ್ದ. ಇಂದಿನ ಪಶುವೈದ್ಯರು ಹೇಳುವ ಸಾಮಾನ್ಯ ಲೆಕ್ಕ ವಾರಕ್ಕೆ 2 ಮಿಲಿಮೀಟರ್ ಅಥವಾ ತುಸು ಹೆಚ್ಚು. ಎದುರು ಹಲ್ಲು ಇಲ್ಲದೆ ಉಜ್ಜಾಟ ತಪ್ಪಿಹೋದರೆ ಅದು ದಿನಕ್ಕೆ 1 ಮಿಲಿಮೀಟರ್‌ವರೆಗೂ ಏರುವುದುಂಟು. ಸಾಮಾನ್ಯ ವೇಗದಲ್ಲೇ ವರ್ಷಕ್ಕೆ 10 ಸೆಂಟಿಮೀಟರ್ ದಾಟುತ್ತದೆ. ಚೆನ್ನಾಗಿ ನೋಡಿಕೊಂಡ ಸಾಕುಮೊಲ 8ರಿಂದ 10 ವರ್ಷ ಬದುಕುತ್ತದೆ ಎಂದುಕೊಂಡರೆ, ಆಯುಷ್ಯ ಮುಗಿಯುವ ಹೊತ್ತಿಗೆ ಒಂದೊಂದು ಬಾಚಿಹಲ್ಲೂ ಸುಮಾರು ಒಂದು ಮೀಟರಿನಷ್ಟು ಬೆಳೆದಿರುತ್ತದೆ. ನಾವು ಯಾವ ದಿನ ನೋಡಿದರೂ ತುಟಿಯ ಕೆಳಗೆ ಕಾಣುವುದು ಅದೇ ಚೂರು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮೊಲದ ಬಾಯಿ ನೋಡಿದರೆ ಒಂದು ವಿಚಿತ್ರ ಹೊಳೆಯುತ್ತದೆ. ಈ ದೀಪಾವಳಿಗೆ ಕಂಡ ಹಲ್ಲು ಕಳೆದ ದೀಪಾವಳಿಯ ಹಲ್ಲಲ್ಲ. ಆಗಿನದರ ಒಂದು ಕಣವೂ ಈಗ ಆ ಬಾಯಲ್ಲಿಲ್ಲ. ತುದಿಯಲ್ಲಿರುವ ಭಾಗ ಕೆಲವೇ ತಿಂಗಳ ಹಿಂದೆ ಬೇರಿನಲ್ಲಿ ಮೃದುವಾಗಿ ಹುಟ್ಟಿ, ಗಟ್ಟಿಯಾಗುತ್ತ ಮುಂದೆ ಬಂದು, ಇವತ್ತು ಹುಲ್ಲು ಕಡಿದು, ನಾಳೆ ಪುಡಿಯಾಗಿ ಹೊಟ್ಟೆಗೆ ಹೋಗಲಿರುವ ಭಾಗ. ನಮಗೆ ಹಲ್ಲು ಎಂದರೆ ದೇಹದ ಅತ್ಯಂತ ಸ್ಥಿರವಾದ ವಸ್ತು; ಸುಟ್ಟ ಮೇಲೂ ಬೂದಿಯಲ್ಲಿ ಸಿಗುವಂಥದು. ಮೊಲದಲ್ಲಿ ಅದೇ ಹಲ್ಲು ಹರಿಯುತ್ತಿದೆ. ನಿಂತಿರುವುದು ಆಕಾರ ಮಾತ್ರ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು, ಎತ್ತು ಕೊಳ್ಳಲು ಬಂದ ರೈತ ಮೊದಲು ಮಾಡುವ ಕೆಲಸ ಅದರ ಕೆಳತುಟಿ ಎಳೆದು ನೋಡುವುದು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂದು ಎಣಿಸಿ ವಯಸ್ಸು ಹೇಳುತ್ತಾನೆ. ಬಾಯಿಗೂಡಿದ ಮೇಲೆ ಸವೆತ ನೋಡಿ ಅಂದಾಜು ಕಟ್ಟುತ್ತಾನೆ. ದಲ್ಲಾಳಿ ಸುಳ್ಳು ಹೇಳಬಹುದು, ಹಲ್ಲು ಹೇಳುವುದಿಲ್ಲ. ಕುದುರೆಯ ವ್ಯಾಪಾರದಲ್ಲೂ ಇದೇ ನ್ಯಾಯ. ಆನೆಗೆ ದವಡೆಹಲ್ಲಿನ ಆರು ಸರದಿಗಳಿವೆ. ಆರನೆಯದೂ ಸವೆದ ಮೇಲೆ ಅಗಿಯಲಾರದೆ ಮುದಿ ಆನೆ ಸೊರಗುತ್ತದೆ. ಇವುಗಳ ಬಾಯಲ್ಲೆಲ್ಲ ಹಲ್ಲು ಕಾಲದ ಲೆಕ್ಕ ಬರೆದಿಡುತ್ತದೆ. ಬೆಳೆದ ಮೊಲದ ಬಾಯಿ ತೆರೆದು ನೋಡಿದ ವೈದ್ಯರಿಗೆ ಅಂಥ ಲೆಕ್ಕ ಸಿಗುವುದಿಲ್ಲ. ಎರಡು ವರ್ಷದ ಮೊಲಕ್ಕೂ ಆರು ವರ್ಷದ ಮೊಲಕ್ಕೂ ಆರೋಗ್ಯವಾಗಿದ್ದರೆ ಹಲ್ಲು ಒಂದೇ ವಯಸ್ಸಿನದು. ಹಾಲುಹಲ್ಲಿನ ಗುರುತೂ ಉಳಿಯುವುದಿಲ್ಲ. ಬಾಚಿಯ ಹಾಲುಹಲ್ಲು ಹುಟ್ಟುವ ಆಸುಪಾಸಿನಲ್ಲೇ ಉದುರಿಹೋಗಿರುತ್ತದೆ, ದವಡೆಯದು ಸುಮಾರು ಐದು ವಾರದೊಳಗೆ.

ಹಲ್ಲು ಹೀಗೆ ನಿರಂತರ ಬೆಳೆಯುವುದಕ್ಕೆ ಕಾರಣ ಬೇರಿನಲ್ಲಿದೆ. ನಮ್ಮ ಹಲ್ಲು ಬೆಳೆದು ಮುಗಿದ ಮೇಲೆ ಬೇರಿನ ತುದಿ ಕಿರಿದಾಗಿ ಮುಚ್ಚಿಕೊಳ್ಳುತ್ತದೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಮೇಲೆದ್ದು ಬರುವ ಹೊತ್ತಿಗೆ ಸತ್ತುಹೋಗುತ್ತವೆ. ಆದ್ದರಿಂದಲೇ ಹುಳುಕು ಬಿದ್ದ ಹಲ್ಲಿಗೆ ದಂತವೈದ್ಯರು ಹೊರಗಿನಿಂದ ಏನಾದರೂ ತುಂಬಬೇಕೇ ಹೊರತು ಹಲ್ಲೇ ತನ್ನನ್ನು ತುಂಬಿಕೊಳ್ಳಲಾರದು. ಮೊಲದ ಹಲ್ಲಿಗೆ ಆ ಅರ್ಥದಲ್ಲಿ ಬೇರೇ ಇಲ್ಲ. ಬುಡ ಸದಾ ತೆರೆದಿರುತ್ತದೆ. ಅಲ್ಲಿ ಕಾಂಡಕೋಶಗಳ ಗುಂಪುಗಳು ಕೂತಿವೆ. ಅವು ವಿಭಜಿಸುತ್ತ ಒಂದು ಕಡೆ ಎನಾಮಲ್ ಕಟ್ಟುವ ಕೋಶಗಳನ್ನೂ ಇನ್ನೊಂದು ಕಡೆ ಅದರ ಒಳಗಿನ ಮೆದು ಡೆಂಟಿನ್ ಕಟ್ಟುವ ಕೋಶಗಳನ್ನೂ ಹುಟ್ಟಿಸುತ್ತಲೇ ಇರುತ್ತವೆ. ಕಟ್ಟಿದ್ದು ಮುಂದಕ್ಕೆ ಜರುಗುತ್ತದೆ, ಅದರ ಹಿಂದೆ ಹೊಸದು ಸೇರುತ್ತದೆ. ನಾವು ಆರೇಳು ವರ್ಷದ ಮಕ್ಕಳಿದ್ದಾಗ ಒಮ್ಮೆ ಕಂಡು ಮರೆತ ಸಂಭ್ರಮ ಮೊಲದ ಬಾಯಲ್ಲಿ ನಿತ್ಯ ನಡೆಯುತ್ತದೆ.

ಇಲ್ಲಿಯವರೆಗಿನದು ಬೆಳವಣಿಗೆಯ ಕಥೆ, ಅಂದರೆ ಅರ್ಧ ಕಥೆ. ಬೆಳೆಯುವುದಷ್ಟೇ ಆಗಿದ್ದರೆ ಅದರಲ್ಲಿ ಅಂಥ ದೊಡ್ಡ ಸೋಜಿಗವಿಲ್ಲ. ನಮ್ಮ ಉಗುರೂ ಬೆಳೆಯುತ್ತದೆ, ಕೂದಲೂ ಬೆಳೆಯುತ್ತದೆ. ಉದ್ದವಾದರೆ ಕತ್ತರಿಸುತ್ತೇವೆ, ಅಷ್ಟೆ. ಮೊಲದ ಹಲ್ಲಿಗೆ ರೂಪ ಬರುವುದು ಸವೆತದಿಂದ. ಬಾಚಿಹಲ್ಲಿನ ಮುಂಭಾಗದಲ್ಲಿ ಎನಾಮಲ್ ದಪ್ಪ, ಹಿಂಭಾಗದಲ್ಲಿ ತೆಳು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ತಾಗಿ ಉಜ್ಜಿಕೊಂಡಾಗ ಹಿಂದಿನ ಮೆದು ಭಾಗ ಬೇಗ ಹೋಗುತ್ತದೆ, ಮುಂದಿನ ಗಟ್ಟಿ ಭಾಗ ಅಂಚಾಗಿ ಉಳಿಯುತ್ತದೆ. ಹೀಗೆ ಮೊಲ ಬಳಸಿದಷ್ಟೂ ಹಲ್ಲಿನ ಹರಿತ ಹೆಚ್ಚು. ಇತ್ತ ದವಡೆಹಲ್ಲಿನಲ್ಲಿ ಎನಾಮಲ್ಲಿನ ಗಟ್ಟಿ ಏಣುಗಳ ನಡುವೆ ಡೆಂಟಿನ್ನಿನ ಮೆದು ಜಾಗಗಳಿವೆ. ಎರಡೂ ಸಮನಾಗಿ ಸವೆಯುವುದಿಲ್ಲ, ಆದ್ದರಿಂದ ಮೇಲ್ಮೈ ಎಂದೂ ನುಣುಪಾಗುವುದಿಲ್ಲ. ಹಿಂದೆ ಮನೆಯ ಬೀಸುಕಲ್ಲು ನುಣುಪಾದಾಗ ಕಲ್ಲುಕುಟಿಗನನ್ನು ಕರೆದು ಉಳಿಯಿಂದ ಮತ್ತೆ ಒರಟು ಮಾಡಿಸುತ್ತಿದ್ದರಲ್ಲ, ಮೊಲದ ದವಡೆ ಬೀಸುತ್ತ ಬೀಸುತ್ತಲೇ ಆ ಕುಟಿಗನ ಕೆಲಸವನ್ನೂ ಮುಗಿಸಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಒಂದು ಉದ್ದನೆಯ ಗಿನಿಹುಲ್ಲಿನ ಗರಿಯನ್ನು ಮೊಲದ ಮುಂದೆ ಹಿಡಿದು ಕೂರಬೇಕು. ಮೊಲದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ತನ್ನದೇ ಮೂಗಿನ ಕೆಳಗಿರುವುದು ಅದಕ್ಕೆ ಕಾಣುವುದಿಲ್ಲ. ಮೀಸೆ ತಾಗಿಸಿ, ತುಟಿಯಿಂದ ತಡವಿ ಗರಿಯ ತುದಿ ಹುಡುಕುತ್ತದೆ. ಸಿಕ್ಕ ಕೂಡಲೇ ಬಾಚಿಹಲ್ಲು ಒಮ್ಮೆ ಕಡಿಯುತ್ತದೆ. ಚುಟುಕಾದ ಒಂದು ಸದ್ದು. ಆಮೇಲೆ ಬಾಚಿಹಲ್ಲಿಗೆ ಬಿಡುವು. ಗರಿ ತಾನಾಗಿಯೇ ಒಳಕ್ಕೆ ಸರಿಯತೊಡಗುತ್ತದೆ, ನಮ್ಮ ಬೆರಳು ಸಡಿಲವಾಗಿದ್ದರೆ ಎಳೆತ ಗೊತ್ತಾಗುತ್ತದೆ. ಗಲ್ಲವನ್ನು ಗಮನಿಸಿದರೆ ಅದು ಮೇಲೆ ಕೆಳಗೆ ಆಡುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಆಡುತ್ತಿರುತ್ತದೆ. ಕೆಳದವಡೆ ಮೇಲಿನದಕ್ಕಿಂತ ಕಿರಿದು; ಎರಡೂ ಬದಿಯ ಹಲ್ಲುಗಳು ಒಟ್ಟಿಗೇ ಕೂಡುವಂತಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದು ಬದಿಯಲ್ಲೇ ಅಗಿತ, ಅಗಲವಾಗಿ ಹೊರಕ್ಕೆ ಹೋಗಿ ಒಳಕ್ಕೆ ಬರುವ ಅಗಿತ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ. ಒಂದಡಿ ಗರಿ ಮುಗಿಯುವುದರೊಳಗೆ ದವಡೆಹಲ್ಲಿನ ಇಡೀ ಅಗಲಕ್ಕೆ ಎಷ್ಟು ಸಲ ಉಜ್ಜಾಟ ಆಗಿರುತ್ತದೋ ಎಣಿಸಲು ಆಗುವುದಿಲ್ಲ. ಈಗ ಅದೇ ಮೊಲಕ್ಕೆ ಒಂದು ಕ್ಯಾರೆಟ್ ತುಂಡು ಕೊಡಿ. ಗಲ್ಲದ ಆಟವೇ ಬದಲಾಗುತ್ತದೆ. ಮೇಲಿಂದ ಕೆಳಕ್ಕೆ ನಾಲ್ಕಾರು ಸಲ ಜಜ್ಜಿ ನುಂಗಿದರೆ ಮುಗಿಯಿತು. 1940ರಲ್ಲಿ ಸಿನಿಮಾ ಪರದೆಗೆ ಬಂದ ಬಗ್ಸ್ ಬನ್ನಿ ಕಾರ್ಟೂನು ಮೊಲದ ಕೈಯಲ್ಲಿ ಸದಾ ಕ್ಯಾರೆಟ್ ಹಿಡಿಸಿ ಜಗತ್ತಿನ ಮಕ್ಕಳಿಗೆಲ್ಲ ತಪ್ಪು ಪಾಠ ಹೇಳಿಬಿಟ್ಟಿತು.

ಹುಲ್ಲಿನಲ್ಲಿ ಅಂಥದೇನಿದೆ? ಬಹುತೇಕ ಹುಲ್ಲುಗಳು ನೆಲದಿಂದ ಸಿಲಿಕಾ ಹೀರಿ ತಮ್ಮ ಗರಿಯೊಳಗೆ ಸೂಕ್ಷ್ಮ ಕಣಗಳಾಗಿ ಕೂಡಿಟ್ಟುಕೊಳ್ಳುತ್ತವೆ. ಭತ್ತದ ಗದ್ದೆಯಲ್ಲಿ ಓಡಾಡಿ ಕಾಲು ಕೊಯ್ಯಿಸಿಕೊಂಡವರಿಗೆ ಗರಿಯ ಅಂಚು ಎಷ್ಟು ಹರಿತವೆಂದು ಹೇಳಬೇಕಾಗಿಲ್ಲ. ಗರಿಗೆ ಅಂಟಿದ ಮಣ್ಣಿನ ಧೂಳೂ ಜೊತೆಗಿರುತ್ತದೆ. ಹುಲ್ಲಿನ ಈ ಸಿದ್ಧತೆ ತನ್ನನ್ನು ತಿನ್ನುವವರ ಹಲ್ಲು ಸವೆಸಲಿಕ್ಕೇ ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ಹುಲ್ಲಿಗೆ ಇನ್ನೂ ದೊಡ್ಡ ರಕ್ಷಣೆ ಬೇರೆಯಿದೆ. ಬಹುಪಾಲು ಗಿಡಗಳು ಚಿಗುರುವುದು ತುದಿಯಲ್ಲಿ. ತುದಿ ಚಿವುಟಿದರೆ ಅಲ್ಲಿಗೆ ಆ ಕೊಂಬೆಯ ಓಟ ನಿಂತಿತು. ಹುಲ್ಲಿನ ಗರಿ ಬೆಳೆಯುವುದು ಬುಡದಿಂದ. ತುದಿಯನ್ನು ದನ ಮೇದರೂ ಕುಡುಗೋಲು ಸವರಿದರೂ ಬುಡ ತನ್ನ ಪಾಡಿಗೆ ಗರಿಯನ್ನು ಮೇಲಕ್ಕೆ ನೂಕುತ್ತಿರುತ್ತದೆ. ಅಂಗಳದ ಗರಿಕೆಯನ್ನು ಚೌತಿಗೆಂದು ಎಷ್ಟು ಕಿತ್ತರೂ ಮುಂದಿನ ವಾರ ಮತ್ತೆ ಹಸಿರಾಗಿರುವುದು ಇದರಿಂದಲೇ.

ಹುಲ್ಲು, ಹಲ್ಲು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ತಿನ್ನಿಸಿಕೊಳ್ಳುವ ಹುಲ್ಲು ಬುಡದಿಂದ ಬೆಳೆಯುತ್ತದೆ, ತುದಿಯಲ್ಲಿ ಕಳೆದುಕೊಳ್ಳುತ್ತದೆ. ತಿನ್ನುವ ಹಲ್ಲೂ ಬುಡದಿಂದ ಬೆಳೆಯುತ್ತದೆ, ತುದಿಯಲ್ಲಿ ಕಳೆದುಕೊಳ್ಳುತ್ತದೆ. ಸಸ್ಯ ಒಂದು, ಪ್ರಾಣಿ ಇನ್ನೊಂದು. ಒಂದರ ಕೋಶಕ್ಕೂ ಇನ್ನೊಂದರ ಕೋಶಕ್ಕೂ ಈ ವಿಷಯದಲ್ಲಿ ಯಾವ ನಂಟೂ ಇಲ್ಲ. ಆದರೂ ಒಂದರ ಎದುರು ಒಂದು ನಿಂತು ಎರಡೂ ಒಂದೇ ಉಪಾಯಕ್ಕೆ ಬಂದು ತಲುಪಿವೆ: ತುದಿ ಹೋದರೆ ಹೋಗಲಿ, ಬುಡ ಉಳಿದರೆ ಸಾಕು. ಇಬ್ಬರೂ ಸೋಲದ, ಇಬ್ಬರೂ ಗೆಲ್ಲದ ಈ ಜಗಳದಲ್ಲಿ ಹುಲ್ಲು ಹುಲ್ಲಾಗಿ ಉಳಿಯಿತು, ಮೊಲ ಮೊಲವಾಗಿ ಉಳಿಯಿತು.

ಅಷ್ಟೇ ಅಲ್ಲ, ಎದುರಾಳಿ ಜೋರು ಮಾಡಿದರೆ ಹಲ್ಲು ತಾನೂ ಜೋರು ಮಾಡುತ್ತದೆ. ಜೂರಿಚ್ ವಿಶ್ವವಿದ್ಯಾಲಯದ ಸಂಶೋಧಕರು ಮೊಲಗಳಿಗೆ ಬೇರೆ ಬೇರೆ ಒರಟುತನದ ಆಹಾರ ಕೊಟ್ಟು ನೋಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುದುರೆಮಸಾಲೆ ಸೊಪ್ಪಿನ ಗುಳಿಗೆ ಒಂದು, ಹುಲ್ಲಿನ ಗುಳಿಗೆ ಇನ್ನೊಂದು. ಸಿಲಿಕಾ ಹೆಚ್ಚಲಿ ಎಂದು ಭತ್ತದ ಹೊಟ್ಟು ಸೇರಿಸಿದ್ದು ಮತ್ತೊಂದು, ಮರಳನ್ನೇ ಬೆರೆಸಿದ್ದು ಮಗದೊಂದು. ಒರಟುತನ ಏರಿದಂತೆ ಹಲ್ಲು ಹೆಚ್ಚು ಸವೆಯಿತು, ಸವೆತ ಹೆಚ್ಚಾದಂತೆ ಬೆಳವಣಿಗೆಯೂ ಏರಿತು. ತುದಿಯಲ್ಲಿ ಎಷ್ಟು ಹೋಗುತ್ತಿದೆಯೆಂಬ ಸುದ್ದಿ ದವಡೆಯ ಆಳದಲ್ಲಿರುವ ಬುಡಕ್ಕೆ ಹೇಗೋ ಮುಟ್ಟುತ್ತದೆ, ಬುಡ ಆ ಸುದ್ದಿಗೆ ತಕ್ಕಂತೆ ಕೈಚುರುಕು ಮಾಡುತ್ತದೆ.

ಇಷ್ಟು ಜಾಣತನ ಇರುವ ಹಲ್ಲಿಗೆ ಒಂದು ಮಾತ್ರ ಗೊತ್ತಿಲ್ಲ. ಪೂರ್ತಿ ನಿಲ್ಲಿಸುವುದು ಗೊತ್ತಿಲ್ಲ. ವೇಗ ಹೆಚ್ಚುಕಡಿಮೆ ಆದೀತು, ಬೆಳವಣಿಗೆ ನಿಲ್ಲದು. ನಿಲ್ಲಿಸುವ ಅಗತ್ಯವೇ ಬಂದಿರಲಿಲ್ಲ. ನಮ್ಮ ಮನೆಗಳಲ್ಲಿ ಸಾಕುವ ಬಿಳಿ, ಕಂದು, ಜೋಲುಕಿವಿಯ ಮೊಲಗಳೆಲ್ಲ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಐಬೀರಿಯಾ ಸೀಮೆಯ ಕಾಡುಮೊಲದ ಸಂತತಿ. ಆ ಒಣ ಬೆಟ್ಟಗಳಲ್ಲಿ ಮೊಲಕ್ಕೆ ಹುಲ್ಲು ಸಿಗದ ದಿನ ಎಂದರೆ ಮೊಲವೇ ಇಲ್ಲದ ದಿನ. ನಮ್ಮ ಹೊಲದ ಬದುಗಳಲ್ಲಿ ಛಂಗನೆ ಹಾರುವ ಕಾಡುಮೊಲ ಬೇರೆಯೇ ಜಾತಿ. ಅದರ ಹಲ್ಲೂ ಹೀಗೇ ಬೆಳೆಯುತ್ತದೆ. ಕುರುಚಲು ಕಾಡೇ ಅದರ ಹಲ್ಲನ್ನು ನೋಡಿಕೊಳ್ಳುತ್ತದೆ. (ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ ಎಂಬುದನ್ನೂ ಹೇಳಿಬಿಡುತ್ತೇನೆ.) ಬೆಳೆಸುವ ಕೆಲಸ ದೇಹದ್ದು, ತಡೆಯುವ ಕೆಲಸ ಹುಲ್ಲಿನದು ಎಂದು ಹಂಚಿಕೆಯಾಗಿಬಿಟ್ಟಿತ್ತು. ದೇಹದ ನಕಾಶೆಯ ಅರ್ಧ ಭಾಗ ದೇಹದ ಹೊರಗೆ, ಬಯಲಿನಲ್ಲಿ ಇತ್ತು. ನಾವು ಮೊಲವನ್ನು ಮನೆಗೆ ತಂದಾಗ ನಕಾಶೆಯ ಒಳಗಿನ ಅರ್ಧ ಮಾತ್ರ ತಂದೆವು.

ಆಮೇಲೆ ಏನಾಗುತ್ತದೆಂದು ಪಶುಚಿಕಿತ್ಸಾಲಯದ ಮೇಜಿನ ಮೇಲೆ ನೋಡಬಹುದು. ಪಕ್ಕದ ಮನೆಯವರ ಮೊಲಕ್ಕೆ ಜ್ವರವೆಂದು ಜೊತೆಗೆ ಹೋಗಿದ್ದೆ. ಗಲ್ಲದ ಕೆಳಗಿನ ಕೂದಲು ಜೊಲ್ಲಿನಿಂದ ಮೆತ್ತಗಾಗಿ ಅಂಟಿಕೊಂಡಿತ್ತು. ಎಡಗಣ್ಣು ಸುರಿಯುತ್ತಿತ್ತು. ಡಾಕ್ಟರು ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ, ಕಿವಿ ನೋಡುವ ಉಪಕರಣದ ಕೊಳವೆಯನ್ನು ಬಾಯಿಯ ಓರೆಯಿಂದ ಒಳಕ್ಕೆ ತೂರಿಸಿದರು.

“ತಿನ್ನೋಕೆ ಏನು ಹಾಕ್ತೀರಮ್ಮ?”

“ಕ್ಯಾರೆಟ್ಟು, ಬಿಸ್ಕತ್ತು, ಅಂಗಡೀಲಿ ಸಿಗೋ ಕಾಳಿನ ಪ್ಯಾಕೆಟ್ಟು. ಚಪಾತಿ ಅಂದ್ರೆ ಪ್ರಾಣ ಸರ್ ಇದಕ್ಕೆ.”

“ಹುಲ್ಲು?”

“ಹಾಕಿ ನೋಡಿದ್ವಿ ಸರ್, ಮೂಸೂ ನೋಡಲ್ಲ. ಮನೆಯೆಲ್ಲ ಕಸ ಬೇರೆ.”

“ಚಪಾತಿ ಕೊಟ್ರೆ ಹುಲ್ಲು ಯಾಕೆ ಮೂಸುತ್ತೆ ಹೇಳಿ. ಹೋಳಿಗೆ ಬಡಿಸಿದ ಎಲೇಲಿ ನಾವು ಬರೀ ಸೊಪ್ಪು ತಿಂದೇಳ್ತೀವಾ? ಬನ್ನಿ, ಇಲ್ಲಿ ನೋಡಿ.”

ಕೊಳವೆಯ ಬೆಳಕಿನಲ್ಲಿ ನಾನೂ ನೋಡಿದೆ. ಕೆಳದವಡೆಯ ಒಂದು ಹಲ್ಲಿನ ಒಳ ಅಂಚು ಸವೆಯದೆ ಮುಳ್ಳಾಗಿ ಬೆಳೆದು ನಾಲಗೆಯ ಕಡೆ ಬಾಗಿತ್ತು. ಅದು ತಾಗುವಲ್ಲಿ ನಾಲಗೆಯ ಬದಿ ಬೆಳ್ಳಗೆ ಹುಣ್ಣಾಗಿತ್ತು. ಮೇಲಿನ ದವಡೆಯಲ್ಲಾದರೆ ಈ ಮುಳ್ಳು ಕೆನ್ನೆಯ ಕಡೆ ಬೆಳೆಯುತ್ತದೆ ಎಂದರು. “ಕಣ್ಣಿಗೆ ಎರಡು ವಾರದಿಂದ ಡ್ರಾಪ್ಸ್ ಹಾಕ್ತಿದ್ದೀವಿ ಸರ್” ಎಂದು ಆಕೆ ಹೇಳಿದಾಗ ಡಾಕ್ಟರು ಮೇಲಿನ ಬಾಚಿಹಲ್ಲಿನ ಜಾಗವನ್ನು ಹೊರಗಿನಿಂದಲೇ ಬೆರಳಿನಲ್ಲಿ ತೋರಿಸಿದರು. ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ನಾಳ ಆ ಹಲ್ಲಿನ ಬುಡದ ಪಕ್ಕದಲ್ಲೇ ಹಾದುಹೋಗುತ್ತದೆ. ಮುಂದೆ ಜಾಗ ಸಿಗದ ಹಲ್ಲು ಹಿಂದಕ್ಕೂ ಉದ್ದವಾಗಿ ನಾಳವನ್ನು ಒತ್ತುತ್ತದೆ. ಕಣ್ಣೀರಿಗೆ ದಾರಿ ಇಲ್ಲದೆ ಕೆನ್ನೆಯ ಮೇಲೆ ಹರಿಯುತ್ತದೆ. ಕಾಯಿಲೆ ಬಾಯಲ್ಲಿ, ಔಷಧ ಕಣ್ಣಿಗೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ನಾವು ಪೇಚಾಡುತ್ತೇವೆ. ಪಂಜರದ ಮೊಲದ ಪಾಡು ಇವೆರಡಕ್ಕೂ ಸೇರದ್ದು. ಅದಕ್ಕೆ ಹಲ್ಲಿದೆ, ಕಡಲೆಯೂ ಇದೆ, ಎರಡೂ ಅತಿಯಾಗಿಯೇ ಇವೆ. ಬಾಚಿಹಲ್ಲುಗಳು ಒಮ್ಮೆ ಜೋಡಿ ತಪ್ಪಿದರಂತೂ ಕೆಳಗಿನವು ಮುಂದಕ್ಕೆ ಚಾಚಿ ತುಟಿಯಾಚೆ ಮೇಲೆದ್ದು ನಿಲ್ಲುತ್ತವೆ, ಮೇಲಿನವು ಒಳಕ್ಕೆ ಸುರುಳಿ ಸುತ್ತಿ ಅಂಗುಳಿಗೆ ಚುಚ್ಚುತ್ತವೆ. ತಾರ್ಕಿಕರು ಎಂದೆಂದಿಗೂ ಇಲ್ಲವೆಂದ ಕೊಂಬು ಆಗ ಬರುತ್ತದೆ, ಬಾಯಿಂದ ಬರುತ್ತದೆ. ತಿನ್ನಲಾರದ ಮೊಲಕ್ಕೆ ಮೈ ನೆಕ್ಕಿ ಶುಚಿ ಮಾಡಿಕೊಳ್ಳಲೂ ಆಗುವುದಿಲ್ಲ, ತಾನೇ ಮರಳಿ ತಿನ್ನಬೇಕಾದ ಮೆತ್ತನೆಯ ಹಿಕ್ಕೆಯನ್ನು ತಿನ್ನಲೂ ಆಗುವುದಿಲ್ಲ. ಕರುಳಿನ ಚಲನೆ ನಿಲ್ಲುತ್ತದೆ. ಮೊಲದಲ್ಲಿ ಅದು ಜೀವಕ್ಕೇ ಕುತ್ತು.

ಎಲ್ಲವನ್ನೂ ಹುಲ್ಲಿನ ಕೊರತೆಯ ಮೇಲೆ ಹಾಕುವುದೂ ಸರಿಯಲ್ಲ. ಮುದ್ದಾಗಿ ಕಾಣಲಿ ಎಂದು ಮನುಷ್ಯರು ಆಯ್ದು ಬೆಳೆಸಿದ ಕುಳ್ಳ ತಳಿಗಳ ಮೋಟು ಮುಖದಲ್ಲಿ ಮೇಲಿನ ದವಡೆ ಗಿಡ್ಡವಾಗಿ ಹಲ್ಲು ಹುಟ್ಟಿನಿಂದಲೇ ಜೋಡಿ ತಪ್ಪಿರುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ ಇನ್ನೊಂದು ಕಡೆಗೆ ಬೆರಳು ತೋರಿಸಿದರು: ಕಾಳುಮಿಶ್ರಣದಲ್ಲಿ ಇಷ್ಟವಾದದ್ದನ್ನೇ ಹೆಕ್ಕಿ ತಿನ್ನುವ ಮೊಲಕ್ಕೆ ಕ್ಯಾಲ್ಸಿಯಂ ಸಾಲದೆ ದವಡೆಯ ಮೂಳೆಯೇ ಟೊಳ್ಳಾಗಿ ಹಲ್ಲು ಸಡಿಲವಾಗುತ್ತದೆ ಎಂದು. ಬಿಸಿಲಿಲ್ಲದ ಮೂಲೆಯಲ್ಲಿ ಸಾಕುವುದೂ ಇದಕ್ಕೆ ಕೂಡಿಕೊಳ್ಳುತ್ತದೆ. ಕಾರಣ ಯಾವುದನ್ನು ಹಿಡಿದು ಹೊರಟರೂ ತಲುಪುವ ಜಾಗ ಒಂದೇ: ಹೊರಗಿನ ಬಯಲು ಮೊಲಕ್ಕೆ ಕೊಡುತ್ತಿದ್ದುದನ್ನು ಒಳಗಿನ ಮನೆ ಕೊಡಲಿಲ್ಲ.

ಸವೆತ ಎಂಬುದನ್ನು ನಾವು ನಷ್ಟದ ಖಾತೆಗೆ ಬರೆಯುವವರು. ಚಪ್ಪಲಿ ಸವೆಯಿತು, ಮಂಡಿ ಸವೆಯಿತು, ಬದುಕು ಸವೆಯಿತು ಎನ್ನುತ್ತೇವೆ. ಮೊಲದ ಬಾಯಿ ಈ ಖಾತೆಯನ್ನು ತಿರುವಿ ಹಾಕುತ್ತದೆ. ಅಲ್ಲಿ ಸವೆಯದೆ ಉಳಿದದ್ದೇ ನಷ್ಟ. ನಮ್ಮ ಮೈಯಲ್ಲೂ ಈ ನ್ಯಾಯ ಇಲ್ಲದಿಲ್ಲ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಪೂರ್ತಿ ಉದುರಿ ಹೊಸದಾಗುತ್ತದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಮೂಳೆಗೆ ದಿನವೂ ಮೈಭಾರದ ಪೆಟ್ಟು ಬೀಳಬೇಕು. ಭಾರವೇ ಇಲ್ಲದ ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ಕ್ಕೂ ಹೆಚ್ಚು ಸಾಂದ್ರತೆ ಕಳೆದುಕೊಳ್ಳುತ್ತದೆ. ಅಲ್ಲಿಯೂ ದೇಹದ ನಕಾಶೆಯ ಅರ್ಧ ಹೊರಗೇ ಇತ್ತು, ಭೂಮಿಯ ಸೆಳೆತದಲ್ಲಿ. ಅದನ್ನು ಬಿಟ್ಟು ಮೇಲೆ ಹೋಗುವವರೆಗೆ ನಮಗೆ ಅದು ತಿಳಿಯಲಿಲ್ಲ. ಎದುರು ಒತ್ತುವುದು ಒಂದಿದ್ದರೇ ಜೀವಕ್ಕೆ ಆಕಾರ. ಒತ್ತುವುದನ್ನು ತೆಗೆದುಬಿಟ್ಟರೆ ಜೀವ ಸುಖವಾಗಿರುತ್ತದೆಂದು ಭಾವಿಸಿ ಪ್ರೀತಿಯಿಂದಲೇ ಬಿಸ್ಕತ್ತು ಕೊಡುತ್ತೇವೆ.

ಸಾಕುಮೊಲದ ತಲೆ ಸವರಿದಾಗ ಅದು ಕಣ್ಣು ಅರೆಮುಚ್ಚಿ ಹಲ್ಲನ್ನು ಮೆಲ್ಲಗೆ, ಕೇಳಿಸಿಯೂ ಕೇಳಿಸದಂತೆ ಕಟಕಟಿಸುತ್ತದೆ. ಅದು ಹಿತದ ಸದ್ದು. ಅದೇ ಸದ್ದು ಜೋರಾಗಿ, ಮೈ ಮುದುಡಿಕೊಂಡು ಬಂದರೆ ನೋವಿನದು. ಸಾಕುವವರು ಈ ಎರಡರ ವ್ಯತ್ಯಾಸ ಕಲಿಯಬೇಕು. ವಾರಕ್ಕೊಮ್ಮೆ ತೂಕ ನೋಡಬೇಕು, ಹಿಕ್ಕೆ ಸಣ್ಣದಾಗಿದೆಯೇ, ಗಲ್ಲ ಒದ್ದೆಯಾಗಿದೆಯೇ ಎಂದು ಗಮನಿಸಬೇಕು. ಹಲ್ಲು ಉದ್ದವಾಗಿದೆಯೆಂದು ಮನೆಯಲ್ಲಿ ನೇಲ್ ಕಟ್ಟರ್ ಹಿಡಿಯಲೇಬಾರದು. ಹಲ್ಲು ಉದ್ದಕ್ಕೆ ಸೀಳಿ ಬುಡದವರೆಗೂ ಬಿರುಕು ಬಿಟ್ಟೀತು. ಅದು ಅರಿವಳಿಕೆ ಕೊಟ್ಟು ಯಂತ್ರದಿಂದ ಉಜ್ಜಬೇಕಾದ ವೈದ್ಯರ ಕೆಲಸ. ಗಟ್ಟಿ ಬ್ರೆಡ್ಡಿನ ತುಂಡು, ಕಟ್ಟಿಗೆಯ ಚೂರು ಕೊಟ್ಟರೆ ಹಲ್ಲು ಸವೆಯುತ್ತದೆ ಎಂಬ ನಂಬಿಕೆಯೂ ದವಡೆಹಲ್ಲಿನ ಮಟ್ಟಿಗೆ ಹುಸಿ. ದವಡೆಹಲ್ಲಿಗೆ ಬೇಕಾದದ್ದು ಗಟ್ಟಿತನವಲ್ಲ, ಗಂಟೆಗಟ್ಟಲೆ ಪಕ್ಕಕ್ಕೆ ಅಗಿಯುವ ಕೆಲಸ.

ಆ ಕೆಲಸಕ್ಕೆ ಆಮದಾದ ತಿಮೊಥಿ ಹುಲ್ಲೇ ಆಗಬೇಕೆಂದಿಲ್ಲ. ನಮ್ಮ ಗರಿಕೆ ಆಗುತ್ತದೆ, ಗಿನಿಹುಲ್ಲು, ನೇಪಿಯರ್ ಆಗುತ್ತದೆ. ಔಷಧ ಸಿಂಪಡಿಸದ, ರಸ್ತೆಬದಿಯದಲ್ಲದ, ಬೂಸ್ಟು ಹಿಡಿಯದ ಯಾವ ಹುಲ್ಲಾದರೂ ಆದೀತು. ಕುದುರೆಮಸಾಲೆಯಲ್ಲಿ ಕ್ಯಾಲ್ಸಿಯಂ ಅತಿ ಹೆಚ್ಚು, ಮರಿಗಳಿಗೆ ಸರಿ, ಬೆಳೆದವಕ್ಕೆ ಮಿತವಾಗಿರಲಿ. ಮೊಲ ತಿನ್ನುವುದರಲ್ಲಿ ಬಹುಪಾಲು ಹುಲ್ಲೇ ಆಗಿರಬೇಕು, ಹಗಲೂ ರಾತ್ರಿಯೂ ಎಟುಕುವಂತಿರಬೇಕು. ಮಕ್ಕಳು ಹಟ ಹಿಡಿದರೆಂದು ಮೊಲ ತರಲು ಹೊರಟವರು ಪಂಜರದ ಬೆಲೆ ಕೇಳುವ ಮೊದಲು ತಮ್ಮ ಬೀದಿಯಲ್ಲಿ ದಿನಾ ಹುಲ್ಲು ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಳ್ಳಿ. ಸಿಗುವುದಿಲ್ಲವಾದರೆ ಮೊಲ ತರಬೇಡಿ.